ನಲವತ್ತರ ದಿನದ ಫೋಟೊಗಳು

ನನಗೆ ಫೋಟೊ ತೆಗೆಯುವ ಕೆಲಸ ಕಲಿಸಿದವರು ಮೂಡುಬಿದಿರೆಯ ಒಬ್ಬ ಸ್ಟುಡಿಯೊದವರು. ಕೈ ಹಿಡಿದು ಕಲಿಸಿದ್ದಕ್ಕಿಂತ ಬೈದು ಕಲಿಸಿದ್ದೇ ಹೆಚ್ಚು. ಅವರಿಗೆ ಅತಿ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಫಿಲ್ಮ್ ರೋಲನ್ನು ಅರ್ಧಕ್ಕೇ ತೊಳೆದು ಪ್ರಿಂಟಿಗೆ ಹಾಕುವವರ ಮೇಲೆ. ಒಂದು ರೋಲಿನಲ್ಲಿ ಮೂವತ್ತಾರು ಫೋಟೊ. ಮದುವೆ ಮುಗಿದು ಏಳೆಂಟು ಉಳಿದಿದ್ದರೆ ರೋಲನ್ನು ಕ್ಯಾಮೆರಾದಿಂದ ಹೊರಗೆ ತೆಗೆಯುವಂತಿಲ್ಲ. ಮುಂದಿನ ಸೀಮಂತವೋ ಮನೆ ಒಕ್ಕಲೋ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಮದುವೆಯವರು ನಾಲ್ಕು ಸಲ ಬಂದು ಹೋದರೆ ಹೋಗಲಿ, "ನಾಳೆ ಬನ್ನಿ" ಎಂದರಾಯಿತು. ತೊಂಬತ್ತರ ದಶಕದಲ್ಲಿ ಬಿ.ಸಿ.ರೋಡಿನಲ್ಲಿ ನನ್ನದೇ ಸ್ಟುಡಿಯೊ ತೆರೆದಾಗ ಗುರುಗಳಿಂದ ನಾನು ತಂದ ಆಸ್ತಿ ಎಂದರೆ ಇವೆರಡೇ: ರೋಲ್ ಮುಗಿಸುವುದು ಮತ್ತು ನಾಳೆ ಬನ್ನಿ ಎನ್ನುವುದು.

ಹತ್ತು ವರ್ಷ ಅದರಲ್ಲೇ ನಡೆಯಿತು. ಗಲ್ಫಿಗೆ ಹೋಗುವವರ ಪಾಸ್‌ಪೋರ್ಟ್ ಫೋಟೊ, ಶಾಲೆಗಳ ಗ್ರೂಪ್ ಫೋಟೊ, ಮದುವೆ, ಮುಂಜಿ, ಬಸ್ಸಿನವರ ಪೂಜೆ. ನನ್ನ ಬಾಯಿ ಒಳ್ಳೆಯದಿರಲಿಲ್ಲ. ಗ್ರೂಪ್ ಫೋಟೊದಲ್ಲಿ ಅಲುಗಾಡಿದರೆ ಹೆಡ್ಮಾಸ್ತರಿಗೂ ಬೈಯುತ್ತಿದ್ದೆ. ಕೆಲಸ ಒಳ್ಳೆಯದಿತ್ತು, ಹಾಗಾಗಿ ಜನ ಸಹಿಸಿಕೊಂಡರು. ಅದನ್ನು ನಾನು ನನ್ನ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಎರಡು ಸಾವಿರದ ಐದೋ ಆರೋ ಇರಬೇಕು, ರಜೆಯಲ್ಲಿ ಬಂದ ಒಬ್ಬರಿಂದ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಅದರೊಟ್ಟಿಗೆ ಒಂದೇ ಒಂದು ಕಾರ್ಡು. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ನೂರೈವತ್ತಕ್ಕೂ ಮೇಲೆ ಫೋಟೊ ಹಿಡಿಯುತ್ತಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವ ಹಾಗೆ ಎಲ್ಲಿಗೆ ಹೋದರೂ ಅದನ್ನೇ ಕುತ್ತಿಗೆಗೆ ಹಾಕಿಕೊಂಡು ಹೋಗುತ್ತಿದ್ದೆ; ಹಳೆಯ ಕ್ಯಾಮೆರಾ ಅಂಗಡಿಯ ಕಪಾಟಿನಲ್ಲಿ ಬೂಷ್ಟು ಹಿಡಿಯತೊಡಗಿತು. ಒಂದು ಕಾರ್ಯಕ್ರಮ ಮುಗಿದ ಕೂಡಲೇ ಕಾರ್ಡಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿಡಬೇಕು ಎಂದು ಕ್ಯಾಮೆರಾ ಕೊಟ್ಟವರು ಹೇಳಿದ್ದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅರ್ಧ ತುಂಬಿದ ಕಾರ್ಡನ್ನು ಹೊರಗೆ ತೆಗೆಯಲು ನನ್ನ ಕೈ ಬರುತ್ತಿರಲಿಲ್ಲ. ತುಂಬಲಿ, ಆಮೇಲೆ ನೋಡುವ ಎಂದು ಬಿಡುತ್ತಿದ್ದೆ. ರೋಲಿನ ಹಾಗೆ ಇದರಲ್ಲಿ ದುಡ್ಡು ಉಳಿಸುವಂಥದ್ದು ಏನೂ ಇರಲಿಲ್ಲ, ಕಾರ್ಡು ಎಷ್ಟು ಸಲ ಬೇಕಾದರೂ ಖಾಲಿಯಾಗುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಹಾಗೇ ಮಾಡುತ್ತಿದ್ದೆ.

ಆ ವರ್ಷ ಮಳೆ ಹಿಡಿಯುವ ಮುಂಚೆ ನರಿಕೊಂಬಿನ ಒಂದು ಬ್ಯಾರಿ ಮುಸ್ಲಿಮರ ಮನೆಯಿಂದ ಕರೆ ಬಂತು. ಮನೆಯ ಯಜಮಾನರಿಗೆ ಬಂಟ್ವಾಳ ಪೇಟೆಯಲ್ಲಿ ಗೋಣಿಚೀಲದ ಅಂಗಡಿ. ನಾವೆಲ್ಲ ಅವರನ್ನು ಸಾಹುಕಾರ್ರೇ ಎಂದೇ ಕರೆಯುವುದು. ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಚೊಚ್ಚಲು, ಹೆಣ್ಣುಮಗು. ಬಾಣಂತಿಗೆ ನಲವತ್ತು ತುಂಬಿದ ದಿನ ನೆಂಟರಿಗೆ ಊಟ ಇಟ್ಟುಕೊಂಡಿದ್ದರು. ಆ ಮನೆಯಲ್ಲಿ ಫೋಟೊದ ಪದ್ಧತಿ ಇರಲಿಲ್ಲ. ಯಾರೋ ವಯಸ್ಸಾದ ಹೆಂಗಸು ಒಳಗೆ ಕೂತು ಗೊಣಗುತ್ತಿದ್ದದ್ದು ನನಗೆ ಕೇಳುತ್ತಿತ್ತು. ಆದರೆ ಮಗುವಿನ ತಂದೆ ಗಲ್ಫಿನಲ್ಲಿದ್ದ. ಹೆಂಡತಿಗೆ ಮೂರು ತಿಂಗಳಾಗಿದ್ದಾಗ ಹೋದವನಿಗೆ ಇನ್ನೂ ಒಂದೂವರೆ ವರ್ಷ ರಜೆ ಇಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯುವ ಕಾಲ ನಮ್ಮ ಕಡೆ ಆಗ ಬಂದಿರಲಿಲ್ಲ. ಪುಂಜಾಲಕಟ್ಟೆಯ ಒಬ್ಬರು ರಜೆ ಮುಗಿಸಿ ಮುಂದಿನ ಶುಕ್ರವಾರ ಅದೇ ಊರಿಗೆ ಹೊರಡುವವರಿದ್ದರು. ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಲ್ವದೊಟ್ಟಿಗೆ ಮಗುವಿನ ಆಲ್ಬಮ್ಮೂ ಹೋಗಬೇಕು. ಅದಕ್ಕಾಗಿಯೇ ನನ್ನನ್ನು ಕರೆಸಿದ್ದು.

"ಅವರು ಮಗುವನ್ನು ನೋಡ್ಲೇ ಇಲ್ಲ ಅಣ್ಣ," ಎಂದಳು ಮಗುವಿನ ತಾಯಿ. "ಒಳ್ಳೆ ಮಾಡಿ ತೆಗೀರಿ, ಆಯ್ತಾ? ಮುಖ ಸರೀ ಕಾಣ್ಬೇಕು."

ಎಪ್ಪತ್ತರ ಹತ್ತಿರ ತೆಗೆದೆ. ತಾತನ ಮಡಿಲಲ್ಲಿ, ಚಿಕ್ಕಮ್ಮಂದಿರ ತೋಳಿನಲ್ಲಿ, ತಾಯಿಯ ತೊಡೆಯ ಮೇಲೆ. ಎಲ್ಲರೂ ಬಗ್ಗಿ ಮಗುವನ್ನು ನೋಡುವುದು, ಮಗು ಕೆಳಗೆ ಬೆಳಕಿನಲ್ಲಿ ಇರುವುದು, ಹಾಗೆ ಕೂರಿಸಿದ್ದೆ. ಅದು ನನಗೆ ಗುರುಗಳು ಹೇಳಿಕೊಟ್ಟ ಚೌಕಟ್ಟು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಒಂದೆರಡನ್ನು ತಾಯಿಗೆ ತೋರಿಸಿದೆ. ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಬಿರಿಯಾನಿ ಉಂಡು ಸ್ಕೂಟರ್ ಹತ್ತಿದೆ. ಕಾರ್ಡಿನಲ್ಲಿ ಇನ್ನೂ ಅರ್ಧ ಜಾಗ ಉಳಿದಿತ್ತು.

ಎರಡು ದಿನ ಬಿಟ್ಟು ಬೆಳ್ತಂಗಡಿಯಲ್ಲಿ ಒಂದು ಜವಳಿ ಅಂಗಡಿಯ ಉದ್ಘಾಟನೆ. ಅದೇ ಕ್ಯಾಮೆರಾ, ಅದೇ ಕಾರ್ಡು. ದೀಪ ಹಚ್ಚುವುದು, ಹಾರ ಹಾಕುವುದು ಎಲ್ಲ ಸರಿಯಾಗಿಯೇ ಆಯಿತು. ಊರಿನ ದೊಡ್ಡ ಮನುಷ್ಯರೊಬ್ಬರು ಬಾಗಿಲ ಮುಂದೆ ನಿಂತು ರಿಬ್ಬನಿಗೆ ಕತ್ತರಿ ಹಿಡಿದರು. ನಾನು ಬಟನ್ ಒತ್ತಿದೆ. ಕ್ಯಾಮೆರಾ ಕೀಂಯ್ ಎಂದಿತು. ಪರದೆಯ ಮೇಲೆ ಕಾರ್ಡಿನಲ್ಲಿ ದೋಷ ಇದೆ ಎಂದು ಬಂತು. ಆರಿಸಿ ಹಾಕಿದೆ, ಅದೇ. ಕಾರ್ಡನ್ನು ಹೊರಗೆ ಎಳೆದು ಅಂಗಿಯ ತುದಿಗೆ ಉಜ್ಜಿ ಮತ್ತೆ ಹಾಕಿದೆ, ಅದೇ.

"ಎಂತ ಆಯ್ತು ಮಾರಾಯ್ರೆ? ಎಷ್ಟು ಹೊತ್ತು ನಿಲ್ಲುವುದು ಅವರು?" ಅಂಗಡಿಯ ಮಾಲೀಕರು ಹಿಂದಿನಿಂದ ಕಿರುಚಿದರು. ದೊಡ್ಡ ಮನುಷ್ಯರು ಕತ್ತರಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಹಲ್ಲು ಕಿರಿದು ನಿಂತಿದ್ದರು. ಸುತ್ತಲಿನ ಜನರಲ್ಲಿ ಇಬ್ಬರು ನಕ್ಕರು. ಬೇರೆಯವರನ್ನು ಕಾಯಿಸಿ ಬೈಯುವವನು ನಾನು. ಕಾಯಿಸಿದ್ದಕ್ಕೆ ಬೈಸಿಕೊಳ್ಳುವುದು ನನಗೆ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಕ್ಯಾಮೆರಾ ತಾನಾಗಿಯೇ ಕೇಳಿತು: ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೇ? ಕೆಳಗೆ ಎರಡು ಉತ್ತರ, ಹೌದು ಮತ್ತು ಇಲ್ಲ.

ಫಾರ್ಮ್ಯಾಟ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಸುಳ್ಳು. ಎಲ್ಲ ಅಳಿಸಿ ಹೋಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಅದರೊಳಗೆ ನರಿಕೊಂಬಿನ ಮಗು ಇದೆ ಎನ್ನುವುದೂ ನೆನಪಿತ್ತು. ನಾನು ಲೆಕ್ಕ ಹಾಕಿದ್ದು ಇಷ್ಟೆ: ದೀಪ, ಹಾರವನ್ನು ಇನ್ನೊಮ್ಮೆ ಮಾಡಿಸಬಹುದು, ರಿಬ್ಬನನ್ನು ಎರಡನೆಯ ಸಲ ಕತ್ತರಿಸುವುದಿಲ್ಲ. ಮಗು ಎಲ್ಲಿಗೆ ಹೋಗುತ್ತದೆ? ಸ್ಟುಡಿಯೊದಿಂದ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ, ಏನೋ ಒಂದು ಹೇಳಿ ಇನ್ನೊಮ್ಮೆ ತೆಗೆದರಾಯಿತು. ಹೌದು ಒತ್ತಿದೆ. ಕಾರ್ಡು ಸರಿಯಾಯಿತು. ರಿಬ್ಬನ್ ಕತ್ತರಿಸುವ ಫೋಟೊ ಬಹಳ ಚೆನ್ನಾಗಿ ಬಂತು.

ಮರುದಿನವೇ ನರಿಕೊಂಬಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕು ಮಾತು ಅನ್ನುತ್ತಿದ್ದರು, ಮತ್ತೆ ಮಗುವನ್ನು ಎತ್ತಿಕೊಂಡು ಕೂರುತ್ತಿದ್ದರು. ಆದರೆ ಹೇಗೆ ಹೇಳುವುದು? ಡಿಜಿಟಲ್ ಕ್ಯಾಮೆರಾ, ಹಾಳಾಗುವ ಮಾತೇ ಇಲ್ಲ ಎಂದು ಅವರ ಜಗಲಿಯಲ್ಲೇ ಕೂತು ಜಂಬ ಕೊಚ್ಚಿ ಬಂದಿದ್ದೆ. ಬುಧವಾರ ಸಾಹುಕಾರರು ಅಂಗಡಿಯಿಂದ ಹೋಗುವ ದಾರಿಯಲ್ಲಿ ಸ್ಟುಡಿಯೊಕ್ಕೆ ಬಂದರು.

"ಆಲ್ಬಮ್ ಆಯ್ತಾ ಮಾರಾಯ್ರೆ? ನಾಡಿದ್ದು ಶುಕ್ರವಾರ."

"ಮಂಗಳೂರಿನ ಲ್ಯಾಬಿನಲ್ಲಿ ಮಿಷನ್ ಕೆಟ್ಟಿದೆ ಸಾಹುಕಾರ್ರೆ. ನಾಳೆ ಸಿಗ್ತದೆ."

ಗುರುವಾರವೂ ಬಂದರು. ಮಿಷನ್ ಇನ್ನೂ ಕೆಟ್ಟೇ ಇತ್ತು. ಶುಕ್ರವಾರ ಪುಂಜಾಲಕಟ್ಟೆಯವರು ಆಲ್ಬಮ್ ಇಲ್ಲದೆ ವಿಮಾನ ಹತ್ತಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ನಾನು ನಿಟ್ಟುಸಿರು ಬಿಟ್ಟೆ. ಶನಿವಾರ ಸಾಹುಕಾರರಿಗೆ ನಾನೇ ಫೋನ್ ಮಾಡಿ, ಕೆಲವು ಫೋಟೊದಲ್ಲಿ ಬೆಳಕು ಸರಿ ಬಂದಿಲ್ಲ, ಭಾನುವಾರ ಬಂದು ನಾಲ್ಕು ಬೇರೆ ತೆಗೆದುಕೊಡುತ್ತೇನೆ, ದುಡ್ಡು ಬೇಡ ಎಂದೆ. ಅವರು ಸಂತೋಷಪಟ್ಟರು. ಭಾನುವಾರ ಒಂದು ಮದುವೆಯ ಫೋಟೊಗ್ರಾಫರಿಗೆ ಜ್ವರ ಬಂದು ನನ್ನನ್ನು ಕರೆದರು. ಮದುವೆಗೆ ಹೋದೆ. ಮಗು ಎಲ್ಲಿಗೂ ಹೋಗುವುದಿಲ್ಲ ಎಂಬ ಲೆಕ್ಕ ಇನ್ನೂ ತಲೆಯಲ್ಲಿತ್ತು.

ಮಂಗಳವಾರ ಬೆಳಿಗ್ಗೆ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಾಗ ಪಕ್ಕದ ಮೇಜಿನ ರಿಕ್ಷಾದವನೊಬ್ಬ ಹೇಳುತ್ತಿದ್ದ. ನರಿಕೊಂಬಿನ ಗೋಣಿಚೀಲದ ಸಾಹುಕಾರರ ಮೊಮ್ಮಗು ತೀರಿಹೋಯಿತಂತೆ. ಭಾನುವಾರ ಜ್ವರ ಬಂದದ್ದು, ಸೋಮವಾರ ರಾತ್ರಿ ಫಿಟ್ಸ್, ಮಂಗಳೂರಿಗೆ ಕೊಂಡುಹೋಗುವಾಗ ದಾರಿಯಲ್ಲೇ. ಚಾ ಅರ್ಧಕ್ಕೆ ಬಿಟ್ಟು ಎದ್ದೆ. ಮೊದಲು ನನಗೆ ಹುಟ್ಟಿದ್ದು ದುಃಖವಲ್ಲ, ಹೆದರಿಕೆ. ಅದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಮಧ್ಯಾಹ್ನದೊಳಗೆ ಮಣ್ಣು ಮಾಡಿದರು. ನಾನು ಮಸೀದಿಯ ಗೇಟಿನ ಹೊರಗೆ ದೂರದಲ್ಲಿ ನಿಂತಿದ್ದೆ. ಸಾಹುಕಾರರು ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಒಬ್ಬರೇ ನಡೆದು ಹೋದರು. ಕೊನೆಯದಾಗಿ ಒಂದು ಫೋಟೊ ತೆಗೆಸುವ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲವಂತೆ. ಯಾಕೆ ಹೊಳೆಯಬೇಕು? ಎಪ್ಪತ್ತು ಫೋಟೊ ನನ್ನ ಸ್ಟುಡಿಯೊದಲ್ಲಿವೆ ಎಂದು ಅವರು ನಂಬಿದ್ದರು.

ಒಂದು ವಾರ ಕಳೆದು ಮಗುವಿನ ತಾಯಿಯೇ ಬಂದಳು, ಸಾಹುಕಾರರೊಟ್ಟಿಗೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಣ್ಣ, ಬೆಳಕು ಸರಿ ಇಲ್ಲದ್ದಾದ್ರೂ ಅಡ್ಡಿಲ್ಲ," ಎಂದಳು. "ಎಲ್ಲ ಕೊಡಿ. ಅವರು ದಿನಾ ಫೋನ್ ಮಾಡಿ ಕೇಳ್ತಾರೆ."

"ಎರಡು ದಿನ," ಎಂದೆ. ಆ ಸಲ ಅದು ಕಸುಬಿನ ಮಾತಾಗಿರಲಿಲ್ಲ.

ಅಳಿಸಿಹೋದ ಫೋಟೊಗಳನ್ನು ಕಂಪ್ಯೂಟರಿನಿಂದ ಮತ್ತೆ ಹೊರಗೆ ತೆಗೆಯಬಹುದಂತೆ ಎಂದು ಯಾರೋ ಹೇಳಿದ್ದರು. ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಒಬ್ಬ ಟೀಚರಿಗೆ ಅದು ಗೊತ್ತಿದೆ ಎಂದು ವಿಚಾರಿಸಿ ತಿಳಿದುಕೊಂಡೆ. ಕಾರ್ಡನ್ನು ಕಾಗದದಲ್ಲಿ ಸುತ್ತಿ ಕಿಸೆಯಲ್ಲಿಟ್ಟು ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಸೆಯನ್ನು ಮುಟ್ಟಿ ನೋಡುತ್ತಾ ಹೋದೆ. ಅಷ್ಟು ಜಾಗ್ರತೆ ಹದಿನೈದು ದಿನ ಮುಂಚೆ ಮಾಡಿದ್ದರೆ ಸಾಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಟೀಚರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಒಂದು ಮಗುವಿನ ಫೋಟೊಗಳು ಅಳಿಸಿಹೋಗಿವೆ ಎಂದಷ್ಟೇ ಹೇಳಿದೆ. ಕಾರ್ಡನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿದರು.

"ಫಾರ್ಮ್ಯಾಟ್ ಆದ ಮೇಲೆ ಇದರಲ್ಲಿ ಏನಾದ್ರೂ ತೆಗ್ದಿದ್ದೀರಾ?"

"ತೆಗೆದಿದ್ದೇನೆ. ಉದ್ಘಾಟನೆಯದ್ದು ಒಂದಷ್ಟು."

"ಆಮೇಲೆ?"

"ಮದುವೆ ಒಂದು. ಪಾಸ್‌ಪೋರ್ಟ್ ಫೋಟೊಗಳು."

ಅವರು ನನ್ನನ್ನೇ ನೋಡಿದರು. "ಅಳಿಸಿದ್ರೂ ಒಳಗೆ ಇರ್ತದೆ ಸರ್. ಅದರ ಮೇಲೆ ಬೇರೆ ತೆಗೆದ್ರೆ ಮಾತ್ರ ಹೋಗುವುದು. ಆ ದಿನವೇ ಕಾರ್ಡ್ ಬದಿಗೆ ಇಟ್ಟು ಬಂದಿದ್ರೆ ಎಲ್ಲ ಸಿಗ್ತಿತ್ತು."

ಆ ದಿನವೇ ಬಂದಿದ್ದರೆ. ಇಷ್ಟು ವರ್ಷಗಳಲ್ಲಿ ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಬೇರೆ ಇಲ್ಲ. ಫಿಲ್ಮಿನವನಿಗೆ ಖಾಲಿ ಎಂದರೆ ಖಾಲಿ. ಬೆಳಕು ಬಿದ್ದು ಕೆಟ್ಟ ರೋಲನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದೆವು, ಅದರಲ್ಲಿ ಹುಡುಕುವುದು ಏನಿತ್ತು? ಖಾಲಿ ಕಾಣುವುದರೊಳಗೆ ಮಗು ಇನ್ನೂ ಇತ್ತು ಎನ್ನುವುದು ನನ್ನ ತಲೆಗೆ ಹೋಗಿರಲೇ ಇಲ್ಲ. ಯಾರದ್ದೋ ಮದುವೆಯನ್ನು, ಯಾರದ್ದೋ ಪಾಸ್‌ಪೋರ್ಟ್ ಮುಖಗಳನ್ನು ಒಂದೊಂದಾಗಿ ಅದರ ಮೇಲೆ ಹೇರಿದ್ದೆ.

ಹುಡುಕುವ ಪ್ರೋಗ್ರಾಮ್ ಮೂರು ಗಂಟೆ ಓಡಿತು. ನಾನು ಬೆಂಚಿನ ಮೇಲೆ ಕೂತು ಪರದೆಯ ಮೇಲೆ ಒಂದು ಹಸಿರು ಗೆರೆ ತೆವಳುವುದನ್ನು ನೋಡುತ್ತಿದ್ದೆ. ಆ ಕಡೆ ಹತ್ತು ಹನ್ನೆರಡು ಹುಡುಗಿಯರು ಟೈಪಿಂಗ್ ಕಲಿಯುತ್ತಿದ್ದರು. ಕೊನೆಗೆ ಟೀಚರ್ ಕರೆದರು. ಹೆಚ್ಚಿನವು ಬರೇ ಹೆಸರು, ಒಳಗೆ ಏನೂ ಇಲ್ಲ. ಕಾರ್ಡೇ ಅಲ್ಲಲ್ಲಿ ಕೊಳೆತಿದೆ ಎಂದರು. ಆ ದಿನದ್ದು ತೆರೆದುಕೊಂಡದ್ದು ಹನ್ನೊಂದು, ಅವೂ ಪೂರ್ತಿ ಅಲ್ಲ. ಮೇಲಿನಿಂದ ಅರ್ಧ ಬಂದು ಕೆಳಗೆ ಬೂದು ಬಣ್ಣ ತುಂಬಿಕೊಂಡಿತ್ತು.

ಹನ್ನೊಂದರಲ್ಲೂ ಮೇಲಿನ ಅರ್ಧ. ನಾನು ಕೂರಿಸಿದ್ದ ಹಾಗೆಯೇ ದೊಡ್ಡವರೆಲ್ಲ ಬಗ್ಗಿ ಕೆಳಗೆ ನೋಡುತ್ತಿದ್ದರು, ನಗುತ್ತಿದ್ದರು. ನೋಡುತ್ತಿದ್ದ ಜಾಗದಲ್ಲಿ ಬೂದು. ಒಂದರಲ್ಲಿ ಹಸಿರು ಉಣ್ಣೆಯ ಟೊಪ್ಪಿಯ ತುದಿ ಕಾಣುತ್ತಿತ್ತು. ಟೀಚರ್ ಒಂದೊಂದನ್ನೂ ತೆರೆದು ಮುಚ್ಚಿದರು, ಆಮೇಲೆ ಕೇಳಿದರು: "ಮಗು ಈಗ ಸ್ವಲ್ಪ ದೊಡ್ಡದಾಗಿರಬಹುದು ಅಷ್ಟೆ ಅಲ್ವಾ ಸರ್? ಪುನಃ ತೆಗೀಬಹುದಲ್ಲ?"

ಅವರು ಹನ್ನೊಂದನ್ನೂ ಹಾಕಿಕೊಟ್ಟ ಸಿಡಿ ತೆಗೆದುಕೊಂಡು ನಾನು ಹೊರಗೆ ಬಂದೆ.

ಹನ್ನೊಂದನ್ನೂ ಪ್ರಿಂಟ್ ಹಾಕಿಸಿ ಶುಕ್ರವಾರ ಮಧ್ಯಾಹ್ನ ನರಿಕೊಂಬಿಗೆ ಹೋದೆ. ಜಗಲಿಯಲ್ಲಿ ಸಾಹುಕಾರರು, ಬಾಗಿಲ ಹತ್ತಿರ ಮಗಳು. ಕಾರ್ಡು ಹಾಳಾಯಿತು, ಎಷ್ಟು ಪ್ರಯತ್ನಪಟ್ಟರೂ ಇಷ್ಟೇ ಬಂದದ್ದು ಎಂದೆ. ಬಟನ್ ಒತ್ತಿದ್ದು ನಾನೇ ಎಂದು ಹೇಳಲಿಲ್ಲ. ಇವತ್ತಿನವರೆಗೂ ಆ ಮನೆಯವರಿಗೆ ಹೇಳಿಲ್ಲ.

ಸಾಹುಕಾರರು ಪ್ರಿಂಟುಗಳನ್ನು ತಿರುಗಿಸಿ ನೋಡಿ ಮಗಳ ಕೈಗೆ ಕೊಟ್ಟರು. "ಮಿಷನ್ ಅಲ್ವಾ ಮಾರಾಯ್ರೆ, ನೀವಾದ್ರೂ ಎಂತ ಮಾಡ್ತೀರಿ," ಎಂದರು. ಅವರು ಚಪ್ಪಲಿ ತೆಗೆದುಕೊಂಡು ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮಗಳು ಒಂದೊಂದನ್ನೇ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಬೇಗ ನೋಡಿ ಮುಗಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಬೂದು ಭಾಗದ ಮೇಲೆ ಬೆರಳಿಟ್ಟು ಹೇಳುತ್ತಾ ಹೋದಳು.

"ಇದ್ರಲ್ಲಿ ಆಕಳಿಸಿದ್ದು. ನೋಡಿ, ಚಿಕ್ಕಮ್ಮನೂ ಬಾಯಿ ತೆರೆದಿದ್ದಾರೆ. ಇದ್ರಲ್ಲಿ ನಿಮ್ಮ ಗಡ್ಡ ಹಿಡ್ಕೊಂಡದ್ದು ಬಾಪ. ಇದು ಟೊಪ್ಪಿ ಹಾಕಿದ್ದಕ್ಕೆ ಸಿಟ್ಟು ಬಂದದ್ದು."

ನೋಡುವವರ ಮುಖದಿಂದಲೇ ಮಗು ಏನು ಮಾಡುತ್ತಿತ್ತು ಎಂದು ಅವಳಿಗೆ ಗೊತ್ತಾಗುತ್ತಿತ್ತು. ನಾನು ಕಾಲ ಬುಡದ ಸಿಮೆಂಟ್ ನೆಲ ನೋಡುತ್ತಾ ಕೂತಿದ್ದೆ. ಆಗ ಸಾಹುಕಾರರ ಮೊಬೈಲ್ ಹೊಡೆದುಕೊಂಡಿತು. ಗಲ್ಫಿನಲ್ಲಿ ಶುಕ್ರವಾರ ರಜೆ, ಅಳಿಯನ ಫೋನು. ಮಗಳು ತೆಗೆದುಕೊಂಡು ಒಳಗೆ ಹೋದಳು. ಮೆಲ್ಲ ಮಾತಾಡುವುದು ಕೇಳಿಸುತ್ತಿತ್ತು. ಹೊರಗೆ ಬಂದು ಫೋನನ್ನು ನನ್ನ ಕಡೆ ಚಾಚಿದಳು.

"ನಿಮ್ಮತ್ರ ಮಾತಾಡ್ಬೇಕಂತೆ."

ಬೈಗುಳಕ್ಕೆ ತಯಾರಾಗಿ ಕಿವಿಗೆ ಇಟ್ಟುಕೊಂಡೆ. ಅವನು ಬೈಯಲಿಲ್ಲ.

"ಅಣ್ಣ, ಮನೆಯವರೆಲ್ಲ ಅವರವರ ಪ್ರೀತಿಯಲ್ಲಿ ಹೇಳ್ತಾರೆ. ಒಬ್ಬರು ನನ್ನ ಹಾಗೆ ಅಂತಾರೆ, ಒಬ್ಬರು ಅವಳ ಹಾಗೆ. ನೀವು ಹೊರಗಿನವರು. ಎಪ್ಪತ್ತು ಸಲ ಕ್ಯಾಮೆರಾದಲ್ಲಿ ನೋಡಿದವರು. ನೀವು ಹೇಳಿ, ಹೇಗಿದ್ಳು?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಕಿಟಕಿಯ ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಎಂದು ನೆನಪಿತ್ತು. ಹಿಂದಿನ ಗೋಡೆಯ ಕ್ಯಾಲೆಂಡರನ್ನು ತೆಗೆಸಿದ್ದು ನೆನಪಿತ್ತು. ಟೊಪ್ಪಿಯ ಹಸಿರು ನೆನಪಿತ್ತು. ಟೊಪ್ಪಿಯ ಕೆಳಗಿನ ಮುಖ ಏನು ಮಾಡಿದರೂ ಬರಲಿಲ್ಲ. ಎಪ್ಪತ್ತು ಸಲ ಕಣ್ಣಿಟ್ಟು ನೋಡಿದ್ದೆ, ಒಮ್ಮೆಯೂ ಮಗುವನ್ನು ನೋಡಿರಲಿಲ್ಲ.

"ಅಣ್ಣ? ಲೈನಲ್ಲಿದ್ದೀರಾ? ಒಂದೇ ಹೇಳಿ ಸಾಕು. ನಮ್ಮ ಉಮ್ಮನಿಗೆ ಕೆನ್ನೆಯಲ್ಲಿ ಗುಳಿ ಉಂಟು, ನನಗೂ ಉಂಟು. ಅವಳಿಗೆ ಇತ್ತಾ?"

"ಇತ್ತು," ಎಂದೆ. "ನಗುವಾಗ ಕಾಣ್ತಿತ್ತು."

ಆ ಕಡೆ ಅವನು ಅಳಲು ಶುರುಮಾಡಿದ. ಅಳುತ್ತಲೇ ಏನೋ ಹೇಳುತ್ತಿದ್ದ, ಉಪಕಾರ ಎನ್ನುವ ಮಾತು ಮಾತ್ರ ಅರ್ಥವಾಯಿತು. ಫೋನನ್ನು ಅವಳಿಗೆ ವಾಪಸು ಕೊಟ್ಟೆ. ಅವಳು ಅವನ ಮಾತು ಮುಗಿಯುವವರೆಗೆ ಕೇಳಿ, ಹೂಂ ಎಂದು ಒಂದೆರಡು ಸಲ ಹೇಳಿ ಇಟ್ಟಳು. ಪ್ರಿಂಟುಗಳನ್ನು ಜೋಡಿಸಿ ಲಕೋಟೆಗೆ ಹಾಕಿದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು.

"ಗುಳಿ ಇರ್ಲಿಲ್ಲ ಅಣ್ಣ. ಇನ್ನು ನಾನೂ ಇತ್ತು ಅಂತಲೇ ಹೇಳ್ಬೇಕು."